ಮೈಲಿ ಬೇರೆ, ಮರ್ಯಾದೆ ಬೇರೆ

ವಿಮಾನ ಕಂಪನಿಯ ಆ್ಯಪ್ ತೆರೆದು ಸದಸ್ಯತ್ವದ ಪುಟಕ್ಕೆ ಹೋದರೆ ಅಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಕಾಣುತ್ತವೆ. ಎಮಿರೇಟ್ಸ್‌ನಲ್ಲಿ ಒಂದು ಸ್ಕೈವಾರ್ಡ್ಸ್ ಮೈಲ್ಸ್, ಇನ್ನೊಂದು ಟಿಯರ್ ಮೈಲ್ಸ್. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಕ್ರಿಸ್‌ಫ್ಲೈಯರ್ ಮೈಲ್ಸ್ ಮತ್ತು ಎಲೀಟ್ ಮೈಲ್ಸ್. ಬ್ರಿಟಿಷ್ ಏರ್‌ವೇಸ್‌ನಲ್ಲಿ ಏವಿಯೋಸ್ ಮತ್ತು ಟಿಯರ್ ಪಾಯಿಂಟ್ಸ್. ಒಂದೇ ಪ್ರಯಾಣಕ್ಕೆ ಎರಡೂ ಜಮೆಯಾಗುತ್ತವೆ, ಒಂದೇ ಪುಟದಲ್ಲಿ ಅಕ್ಕಪಕ್ಕ ಕೂರುತ್ತವೆ. ಹೀಗಾಗಿ ಎರಡೂ ಒಂದೇ ಎಂದು ಬಹಳ ಜನ ತಿಳಿದುಬಿಡುತ್ತಾರೆ. ಲಕ್ಷ ಮೈಲಿ ಕೂಡಿದೆಯಲ್ಲ, ಲೌಂಜ್‌ಗೆ ಬಿಡುತ್ತಾರೆ ಎಂದುಕೊಂಡು ಹೋದವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಗೋಲ್ಡ್ ಕಾರ್ಡ್ ಬಂದಿದೆ, ಇನ್ನು ಟಿಕೆಟ್ ಪುಕ್ಕಟೆ ಸಿಗುತ್ತದೆ ಎಂದುಕೊಂಡವರಿಗೆ ಖಾತೆಯಲ್ಲಿ ಒಂದು ಟಿಕೆಟ್ಟಿಗಾಗುವಷ್ಟೂ ಮೈಲಿ ಇರುವುದಿಲ್ಲ.

ಮೈಲಿ ಇರುವುದು ಖರ್ಚು ಮಾಡುವುದಕ್ಕೆ. ಕೂಡಿಟ್ಟು ಟಿಕೆಟ್ ಪಡೆಯಬಹುದು, ಮೇಲಿನ ದರ್ಜೆಯ ಸೀಟು ಪಡೆಯಬಹುದು. ಪಡೆದ ಮೇಲೆ ಅಷ್ಟು ಮೈಲಿ ಖಾತೆಯಿಂದ ಕಳೆಯುತ್ತದೆ. ಎರಡನೆಯ ಅಂಕಿ ತಂದುಕೊಡುವ ಸ್ಟೇಟಸ್ ಎಷ್ಟು ಬಳಸಿದರೂ ಕರಗುವುದಿಲ್ಲ. ಕಂಪನಿ ನಿಮ್ಮನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಅದರ ಸಿಬ್ಬಂದಿಗೆ ತಿಳಿಸುವ ದರ್ಜೆ ಅದು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆದು ಕೂರಿಸುವುದು ಸ್ಟೇಟಸ್ಸಿನ ಕೆಲಸ. ಜೇಬಿನಲ್ಲಿ ಎಷ್ಟಿದೆ ಎಂಬುದು ಮೈಲಿಯ ಲೆಕ್ಕ.

ಮೇಲ್ನೋಟಕ್ಕೆ ಇದು ಸಣ್ಣ ವ್ಯತ್ಯಾಸ. ಆದರೆ ನಾಲ್ಕು ದಶಕಗಳ ಇತಿಹಾಸ, ಬ್ಯಾಂಕುಗಳೊಂದಿಗಿನ ವ್ಯವಹಾರ, ನ್ಯಾಯಾಲಯದ ತೀರ್ಪುಗಳು, ಮುಳುಗಿಹೋದ ಕಂಪನಿಗಳ ಕಥೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಪ್ರಯಾಣಿಕರ ಲಾಭ ನಷ್ಟ ಬಹುಮಟ್ಟಿಗೆ ಈ ವ್ಯತ್ಯಾಸ ತಿಳಿದಿರುವುದರ ಮೇಲೆಯೇ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

1981ರ ಮೇ ತಿಂಗಳು

ಅಮೆರಿಕದಲ್ಲಿ 1978ರವರೆಗೆ ಯಾವ ಮಾರ್ಗದಲ್ಲಿ ಯಾರು ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿಮಾನಯಾನ ನಿಯಂತ್ರಣ ತೆಗೆದುಹಾಕುವ ಕಾಯ್ದೆಗೆ ಸಹಿ ಹಾಕಿದರು. ದರದ ಪೈಪೋಟಿ ಶುರುವಾಯಿತು. ಅಗ್ಗದ ಟಿಕೆಟ್ ಸಿಕ್ಕ ಕಡೆಗೆ ಗಿರಾಕಿ ಹೋಗುತ್ತಾನೆ. ಅವನನ್ನು ಹಿಡಿದಿಟ್ಟುಕೊಳ್ಳುವ ದಾರಿ ಬೇಕಾಯಿತು. ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1979ರಲ್ಲೇ ಹಾರಿದ ದೂರವನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಪ್ರಯೋಗ ಮಾಡಿತ್ತು. ಆದರೆ ಇಂದು ನಾವು ನೋಡುವ ಪದ್ಧತಿಗೆ ತಳಪಾಯ ಹಾಕಿದ್ದು 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಆರಂಭಿಸಿದ ಎಅಡ್ವಾಂಟೇಜ್ ಯೋಜನೆ. ತಮ್ಮಲ್ಲಿ ಪದೇಪದೇ ಹಾರುವವರು ಯಾರು ಎಂದು ಪತ್ತೆಹಚ್ಚಲು ಅವರು ಸೇಬರ್ ಎಂಬ ತಮ್ಮ ಬುಕಿಂಗ್ ಕಂಪ್ಯೂಟರಿನಲ್ಲಿ ಮತ್ತೆಮತ್ತೆ ಕಾಣಿಸುವ ಫೋನ್ ನಂಬರುಗಳನ್ನು ಹುಡುಕಿದರು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಯೋಜನೆಯೊಂದಿಗೆ ಬಂತು. ಅದೇ ವರ್ಷ ಡೆಲ್ಟಾ ಬಂತು. ಮರುವರ್ಷ ಬ್ರಿಟಿಷ್ ಏರ್‌ವೇಸ್.

ಆಗಿನ ಲೆಕ್ಕ ಸರಳವಾಗಿತ್ತು. ಒಂದು ಮೈಲಿ ಹಾರಿದರೆ ಖಾತೆಗೆ ಒಂದು ಮೈಲಿ. ಆದರೆ ಎಲ್ಲರಿಗೂ ಮೈಲಿ ಕೊಟ್ಟ ಮೇಲೆ ವಾರಕ್ಕೆರಡು ಸಲ ಹಾರುವ ವ್ಯಾಪಾರಿಗೂ ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ತಾಯಿಗೂ ಕಂಪನಿ ತೋರುವ ಗೌರವದಲ್ಲಿ ಏನು ಅಂತರ ಎಂಬ ಪ್ರಶ್ನೆ ಎದ್ದಿತು. ಮೊದಲನೆಯವರು ದುಬಾರಿ ಟಿಕೆಟ್ ಕೊಳ್ಳುವವರು, ಕೊನೆಯ ಗಳಿಗೆಯಲ್ಲಿ ಕೊಳ್ಳುವವರು, ಕಂಪನಿಯ ಲಾಭ ನಿಂತಿರುವುದು ಅವರ ಮೇಲೆ. ಇನ್ನಷ್ಟು ಪುಕ್ಕಟೆ ಪ್ರಯಾಣ ಅವರಿಗೆ ಆಮಿಷವೇ ಅಲ್ಲ. ವಾರವಿಡೀ ಹಾರಿ ದಣಿದವರು ರಜೆಯಲ್ಲೂ ಹಾರಲು ಬಯಸುವುದಿಲ್ಲ. ಅವರಿಗೆ ಬೇಕಾದ್ದು ಸಾಲಿನಲ್ಲಿ ನಿಲ್ಲದೆ ಹೋಗುವುದು, ಕಾಲು ಚಾಚಿ ಕೂರುವುದು, ವಿಮಾನ ತಪ್ಪಿದರೆ ಮುಂದಿನದರಲ್ಲಿ ಸೀಟು. ಸ್ಟೇಟಸ್ ಹುಟ್ಟಿದ್ದು ಈ ಅಗತ್ಯದಿಂದ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೆಟ್ಟಿಲುಗಳು ಆಮೇಲೆ ಪ್ರಪಂಚದ ಬಹುತೇಕ ಎಲ್ಲ ಕಂಪನಿಗಳಿಗೂ ಬಂದವು.

ಎರಡು ಲೆಕ್ಕ, ಎರಡು ಕಾಲಮಿತಿ

ಎರಡಕ್ಕೂ ಕಾಲಮಿತಿ ಬೇರೆ ಬೇರೆ. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲಿಗೆ 3 ವರ್ಷ ಆಯಸ್ಸು. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಯಾವ ಚಲನೆಯೂ ಇಲ್ಲದಿದ್ದರೆ ಮೈಲಿ ರದ್ದಾಗುತ್ತದೆ. ಡೆಲ್ಟಾ 2011ರಲ್ಲಿ, ಯುನೈಟೆಡ್ 2019ರಲ್ಲಿ ಈ ಅವಧಿಯನ್ನೇ ತೆಗೆದುಹಾಕಿದವು. ಸ್ಟೇಟಸ್ಸಿನ ಕಥೆ ಹಾಗಲ್ಲ. ಅದರ ಲೆಕ್ಕ ವರ್ಷಕ್ಕೊಮ್ಮೆ ಸೊನ್ನೆಯಿಂದ ಶುರು. ಕ್ರಿಸ್‌ಫ್ಲೈಯರ್ ಎಲೀಟ್ ಗೋಲ್ಡ್ ಬೇಕಾದರೆ 12 ತಿಂಗಳಲ್ಲಿ 50,000 ಎಲೀಟ್ ಮೈಲಿ ಆಗಬೇಕು. 49,000ಕ್ಕೆ ನಿಂತರೆ ಆ ವರ್ಷದ ಹಾರಾಟ ಗೋಲ್ಡ್‌ನ ಲೆಕ್ಕಕ್ಕೆ ಬರುವುದಿಲ್ಲ. ಅದೇ ಪ್ರಯಾಣಗಳಿಂದ ಬಂದ ಸಾಮಾನ್ಯ ಮೈಲಿ ಮಾತ್ರ ಖಾತೆಯಲ್ಲಿ ಹಾಗೇ ಇರುತ್ತದೆ.

ಇನ್ನೊಂದು ಅಂತರ, ಕೊಡುಕೊಳ್ಳುವಿಕೆಯದು. ಮೈಲಿ ಕೊಟ್ಟು ಬೇರೆಯವರ ಹೆಸರಿಗೆ ಟಿಕೆಟ್ ತೆಗೆಯಬಹುದು. ಎಮಿರೇಟ್ಸ್‌ನಲ್ಲಿ ಮನೆಮಂದಿಯೆಲ್ಲ ತಮ್ಮ ಸ್ಕೈವಾರ್ಡ್ಸ್ ಮೈಲಿಯನ್ನು ಒಂದೇ ಕುಟುಂಬ ಖಾತೆಗೆ ಸೇರಿಸಬಹುದು. ಟಿಯರ್ ಮೈಲಿಯನ್ನು ಹಾಗೆ ಸೇರಿಸಲು ಬರುವುದಿಲ್ಲ. ದುಬೈಯಲ್ಲಿ ದುಡಿಯುವ ಅಪ್ಪ, ಬೆಂಗಳೂರಿನಿಂದ ಹೋಗಿಬರುವ ಅಮ್ಮ ಮತ್ತು ಮಕ್ಕಳು, ಎಲ್ಲರ ಮೈಲಿ ಕೂಡಿದರೆ ಒಂದು ಟಿಕೆಟ್ ಆದೀತು. ಎಲ್ಲರ ಹಾರಾಟ ಕೂಡಿಸಿದರೂ ಯಾರೊಬ್ಬರೂ ಗೋಲ್ಡ್ ಆಗುವುದಿಲ್ಲ. ಕೆಲವೇ ಕಡೆ ಇದಕ್ಕೆ ವಿನಾಯಿತಿ ಇದೆ: ಯುನೈಟೆಡ್‌ನಲ್ಲಿ 10 ಲಕ್ಷ ಮೈಲಿ ನಿಜವಾಗಿ ಹಾರಿದವರಿಗೆ ಜೀವಮಾನದ ಗೋಲ್ಡ್ ಸಿಗುತ್ತದೆ, ಬಾಳಸಂಗಾತಿಗೂ ಅದೇ ದರ್ಜೆ ಕೊಡುತ್ತಾರೆ.

ಎರಡೂ ಬೇರೆ ಬೇರೆಯಾದರೂ ಒಂದು ಇನ್ನೊಂದನ್ನು ಬೆಳೆಸುತ್ತದೆ. ಎಅಡ್ವಾಂಟೇಜ್‌ನಲ್ಲಿ ಸಾಮಾನ್ಯ ಸದಸ್ಯನಿಗೆ ಟಿಕೆಟ್ಟಿನ ಮೂಲದರದ ಪ್ರತಿ ಡಾಲರಿಗೆ 5 ಮೈಲಿ, ಎಕ್ಸಿಕ್ಯೂಟಿವ್ ಪ್ಲಾಟಿನಂ ಸದಸ್ಯನಿಗೆ 11. ಅಕ್ಕಪಕ್ಕದ ಸೀಟಿನಲ್ಲಿ ಕೂತ ಇಬ್ಬರೂ 600 ಡಾಲರ್ ಕೊಟ್ಟಿದ್ದರೆ ಒಬ್ಬನ ಖಾತೆಗೆ 3,000 ಮೈಲಿ ಬೀಳುತ್ತದೆ, ಇನ್ನೊಬ್ಬನ ಖಾತೆಗೆ 6,600. ಉಳ್ಳವರಿಗೆ ಇನ್ನಷ್ಟು ಸೇರುವ ಏರ್ಪಾಡು ಇದು. ಸ್ಟೇಟಸ್ ಬಿಡಲು ಮನಸ್ಸಾಗದಿರುವುದಕ್ಕೆ ಇದೂ ಒಂದು ಕಾರಣ.

ಸ್ಟೇಟಸ್ ಕೊಡುವುದೇನು?

ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿನಲ್ಲಿ ಚೆಕ್‌ಇನ್ ಕೌಂಟರಿನ ಮುಂದೆ ನಿಂತು ನೋಡಿದರೆ ಸ್ಟೇಟಸ್ ಎಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ. ಇಕಾನಮಿ ಸಾಲು ಹಗ್ಗದ ನಡುವೆ ಸುತ್ತಿ ಸುತ್ತಿ ಬಂದಿರುತ್ತದೆ. ತೂಕ ಹೆಚ್ಚಾದ ಪೆಟ್ಟಿಗೆ ಬಿಚ್ಚಿ ಚಟ್ನಿಪುಡಿ, ಹಪ್ಪಳದ ಪೊಟ್ಟಣಗಳನ್ನು ಕೈಚೀಲಕ್ಕೆ ತುಂಬುತ್ತಿರುವವರು ಬದಿಯಲ್ಲಿ ಇರುತ್ತಾರೆ. ಪಕ್ಕದ ಸಾಲಿನಲ್ಲಿ ಇಬ್ಬರೋ ಮೂವರೋ. ಅವರ ಬೋರ್ಡಿಂಗ್ ಪಾಸಿನಲ್ಲಿ ಹೆಸರಿನ ಹತ್ತಿರ ಒಂದು ನಕ್ಷತ್ರ ಮತ್ತು ಜಿ ಅಕ್ಷರ ಮುದ್ರಿತವಾಗಿರುತ್ತದೆ: ಸ್ಟಾರ್ ಗೋಲ್ಡ್. ಟಿಕೆಟ್ ಇಕಾನಮಿಯದೇ ಆಗಿದ್ದರೂ ಅವರಿಗೆ ಬಿಸಿನೆಸ್ ಕೌಂಟರ್. ತೂಕದಲ್ಲಿ 20 ಕಿಲೋ ಹೆಚ್ಚುವರಿ ಅಥವಾ ಇನ್ನೊಂದು ಪೆಟ್ಟಿಗೆ. ಲೌಂಜಿಗೆ ಪ್ರವೇಶ, ಜೊತೆಗೊಬ್ಬ ಅತಿಥಿ. ಮೊದಲು ಹತ್ತುವ ಗುಂಪಿನಲ್ಲಿ ಜಾಗ. ಇಳಿದ ಮೇಲೆ ಪೆಟ್ಟಿಗೆ ಮೊದಲು ಬರುವಂತೆ ತಗಲಿಸಿದ ಚೀಟಿ.

ಈ ಗೌರವ ಒಂದೇ ಕಂಪನಿಗೆ ಸೀಮಿತವಲ್ಲ. 1997ರ ಮೇ 14ರಂದು ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿದವು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಬಂದವು. ಏರ್ ಇಂಡಿಯಾ 2014ರ ಜುಲೈ 11ರಂದು ಸ್ಟಾರ್ ಅಲಯನ್ಸ್ ಸೇರಿತು. ಹೀಗಾಗಿ ಏರ್ ಇಂಡಿಯಾದಲ್ಲಿ ಗೋಲ್ಡ್ ಆದವರಿಗೆ ಫ್ರಾಂಕ್‌ಫರ್ಟ್‌ನ ಲುಫ್ತಾನ್ಸಾ ಲೌಂಜಿನ ಬಾಗಿಲೂ ತೆರೆಯುತ್ತದೆ. ಒಂದು ವಿಚಿತ್ರವೂ ಇಲ್ಲಿದೆ. ಯುನೈಟೆಡ್‌ನ ಸ್ವಂತ ಗೋಲ್ಡ್ ಸದಸ್ಯರಿಗೆ ಅಮೆರಿಕದ ಒಳಗಿನ ಪ್ರಯಾಣದಲ್ಲಿ ಯುನೈಟೆಡ್ ಕ್ಲಬ್ ಲೌಂಜಿಗೆ ಪ್ರವೇಶವಿಲ್ಲ. ಬೇರೆ ದೇಶದ ಕಂಪನಿಯಿಂದ ಸ್ಟಾರ್ ಗೋಲ್ಡ್ ಪಡೆದವರಿಗೆ ಅದೇ ಲೌಂಜಿಗೆ ಪ್ರವೇಶವಿದೆ. ಯಾವ ಕಂಪನಿಯ ಖಾತೆಗೆ ಪ್ರಯಾಣ ಜಮೆ ಮಾಡಿಸುತ್ತೀರಿ ಎಂಬ ತೀರ್ಮಾನದಲ್ಲಿ ಎಷ್ಟೆಲ್ಲ ಅಡಗಿದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಸ್ಟೇಟಸ್ಸಿನ ನಿಜವಾದ ಬೆಲೆ ಲೌಂಜಿನ ಇಡ್ಲಿ ಕಾಫಿಯಲ್ಲಿಲ್ಲ, ಎಲ್ಲವೂ ಕೆಟ್ಟ ದಿನದಲ್ಲಿದೆ. ಮಂಜು ಕವಿದು ವಿಮಾನ ರದ್ದಾಗಿದೆ, ಮುನ್ನೂರು ಜನ ಒಂದೇ ಕೌಂಟರಿನ ಮುಂದೆ ನಿಂತಿದ್ದಾರೆ, ಮುಂದಿನ ವಿಮಾನದಲ್ಲಿ ನಾಲ್ಕೇ ಸೀಟು ಖಾಲಿ ಎಂದುಕೊಳ್ಳಿ. ವೇಟ್‌ಲಿಸ್ಟಿನಲ್ಲಿ ಮೇಲಿರುವವರು ಸ್ಟೇಟಸ್ ಉಳ್ಳವರು. ಅವರಿಗೆ ಬೇರೆ ಫೋನ್ ನಂಬರೂ ಇರುತ್ತದೆ. ಖಾತೆಯಲ್ಲಿ 5 ಲಕ್ಷ ಮೈಲಿ ಇಟ್ಟುಕೊಂಡ ಸಾಮಾನ್ಯ ಸದಸ್ಯ ಆಗ ಎಲ್ಲರಂತೆ ಸಾಲಿನಲ್ಲೇ ನಿಲ್ಲಬೇಕು.

ದೂರದಿಂದ ದುಡ್ಡಿಗೆ

ಮೈಲಿ ಎಂಬ ಹೆಸರು ಉಳಿದಿದೆ, ದೂರದ ಲೆಕ್ಕ ಬಹುಮಟ್ಟಿಗೆ ಹೋಗಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 4,600 ಮೈಲಿ. ಮೊದಲಾಗಿದ್ದರೆ ಹಾರಿದವರಿಗೆಲ್ಲ ಅಷ್ಟು ಮೈಲಿ ಸಿಗಬೇಕಿತ್ತು. ಕ್ರಮೇಣ ಟಿಕೆಟ್ಟಿನ ಮೇಲಿನ ಒಂದು ಅಕ್ಷರ, ಅಂದರೆ ಬುಕಿಂಗ್ ಕ್ಲಾಸ್, ನಿರ್ಣಾಯಕವಾಯಿತು. ವೈ ಅಕ್ಷರದ ಪೂರ್ಣದರದ ಟಿಕೆಟ್ಟಿಗೆ ಪೂರ್ತಿ ಮೈಲಿ, ಅಗ್ಗದ ಅಕ್ಷರಗಳಿಗೆ ಅದರ ಕಾಲುಭಾಗವೋ ಅಥವಾ ಏನೂ ಇಲ್ಲವೋ. ಆಮೇಲೆ ಕಂಪನಿಗಳು ದೂರವನ್ನೇ ಬಿಟ್ಟು ಕೊಟ್ಟ ದುಡ್ಡನ್ನು ಎಣಿಸತೊಡಗಿದವು. ಡೆಲ್ಟಾ 2015ರಲ್ಲಿ ಹಾಗೆ ಬದಲಾಯಿತು. ಏರ್ ಇಂಡಿಯಾ 2024ರ ಏಪ್ರಿಲಿನಲ್ಲಿ ಅದೇ ದಾರಿ ಹಿಡಿಯಿತು.

ಸ್ಟೇಟಸ್ಸಿನಲ್ಲೂ ಇದೇ ಆಯಿತು. 2023ರ ಸೆಪ್ಟೆಂಬರಿನಲ್ಲಿ ಡೆಲ್ಟಾ ಇನ್ನು ಮುಂದೆ ಹಾರಿದ ದೂರವಾಗಲಿ, ಹತ್ತಿದ ವಿಮಾನಗಳ ಸಂಖ್ಯೆಯಾಗಲಿ ಲೆಕ್ಕಕ್ಕಿಲ್ಲ, ಖರ್ಚು ಮಾತ್ರ ಲೆಕ್ಕಕ್ಕೆ ಎಂದು ಸಾರಿತು. ಅತ್ಯುನ್ನತ ಡೈಮಂಡ್ ದರ್ಜೆಗೆ 35,000 ಡಾಲರ್ ಎಂದಿತು. ಸದಸ್ಯರ ಸಿಟ್ಟು ಎಷ್ಟಿತ್ತೆಂದರೆ ನಾವು ಅತಿ ಮಾಡಿದೆವು ಎಂದು ಕಂಪನಿಯ ಮುಖ್ಯಸ್ಥ ಎಡ್ ಬಾಸ್ಟಿಯನ್ ಒಪ್ಪಿಕೊಳ್ಳಬೇಕಾಯಿತು, ಮಿತಿ 28,000ಕ್ಕೆ ಇಳಿಯಿತು. ಆದರೆ ಖರ್ಚೇ ಅಳತೆಗೋಲು ಎಂಬ ತತ್ವ ಇಳಿಯಲಿಲ್ಲ. 2025ರ ಏಪ್ರಿಲಿನಿಂದ ಬ್ರಿಟಿಷ್ ಏರ್‌ವೇಸ್‌ನಲ್ಲೂ ಹಾಗೆಯೇ: ಒಂದು ಪೌಂಡಿಗೆ ಒಂದು ಟಿಯರ್ ಪಾಯಿಂಟ್, ಸಿಲ್ವರ್‌ಗೆ 7,500, ಗೋಲ್ಡ್‌ಗೆ 20,000.

ಅಮೆರಿಕನ್ ಏರ್‌ಲೈನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2022ರಲ್ಲಿ ಅದು ತಂದ ಲಾಯಲ್ಟಿ ಪಾಯಿಂಟ್ಸ್ ಪದ್ಧತಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಗಳಿಸಿದ್ದೂ ಸ್ಟೇಟಸ್‌ಗೆ ಸೇರುತ್ತದೆ. ಗೋಲ್ಡ್‌ಗೆ 40,000, ಎಕ್ಸಿಕ್ಯೂಟಿವ್ ಪ್ಲಾಟಿನಂಗೆ 2,00,000. ವಿಮಾನವನ್ನೇ ಹತ್ತದೆ, ದಿನಸಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟುಕೊಟ್ಟೇ ಅತ್ಯುನ್ನತ ದರ್ಜೆ ತಲುಪಬಹುದು. ಇಷ್ಟು ವರ್ಷ ಬೇರೆಯಾಗಿದ್ದ ಎರಡು ಲೆಕ್ಕಗಳ ನಡುವಿನ ಗೋಡೆ ಇಲ್ಲಿ ಬಹಳ ತೆಳುವಾಗಿದೆ.

ಅದು ಹಿಂದೊಮ್ಮೆಯೂ ತೆಳುವಾಗಿತ್ತು. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಒಂದು ಆಹಾರ ಕಂಪನಿಯ ಕೊಡುಗೆಯ ಲೆಕ್ಕಾಚಾರ ಹಿಡಿದು ಸುಮಾರು 12,000 ಕಪ್ ಪುಡ್ಡಿಂಗ್ ಕೊಂಡರು. ಖರ್ಚಾದದ್ದು ಮೂರು ಸಾವಿರ ಡಾಲರಿನ ಆಸುಪಾಸು, ಬಂದದ್ದು 12 ಲಕ್ಷಕ್ಕೂ ಹೆಚ್ಚು ಮೈಲಿ. ಬಹುಪಾಲನ್ನು ಅವರು ಅಮೆರಿಕನ್ ಏರ್‌ಲೈನ್ಸ್ ಖಾತೆಗೆ ಹಾಕಿಸಿದರು. ಆಗ ಅಲ್ಲಿ ಯಾವ ಮೂಲದ ಮೈಲಿಯಾದರೂ 10 ಲಕ್ಷ ದಾಟಿದರೆ ಜೀವಮಾನದ ಗೋಲ್ಡ್ ಕೊಡುತ್ತಿದ್ದರು. ಹೀಗೆ ಪುಡ್ಡಿಂಗ್ ಕೊಂಡವರು ಗೋಲ್ಡ್ ಸದಸ್ಯರೂ ಆದರು. ಆ ಸೌಲಭ್ಯವನ್ನು ಕಂಪನಿ ಆಮೇಲೆ ಹಾರಿದ ಮೈಲಿಗೆ ಮಾತ್ರ ಸೀಮಿತಗೊಳಿಸಿತು.

ಮೈಲಿ ಎಂಬ ಸರಕು

ಕಂಪನಿಗಳು ಕಾರ್ಡ್ ಖರ್ಚಿಗೆ ಇಷ್ಟು ಮಣೆ ಹಾಕಲು ಕಾರಣವಿದೆ. ಮೈಲಿ ಮಾರಾಟದ ಸರಕು. ಬ್ಯಾಂಕುಗಳು ವಿಮಾನ ಕಂಪನಿಯಿಂದ ಮೈಲಿಗಳನ್ನು ಸಗಟಾಗಿ ಕೊಂಡು ತಮ್ಮ ಕಾರ್ಡುದಾರರಿಗೆ ಹಂಚುತ್ತವೆ. ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ಡೆಲ್ಟಾಗೆ 2023ರ ಒಂದೇ ವರ್ಷದಲ್ಲಿ ಬಂದದ್ದು ಸುಮಾರು 680 ಕೋಟಿ ಡಾಲರ್. ಕೊಳ್ಳುವ ಬ್ಯಾಂಕು ಹಣ ಇಂದೇ ಕೊಡುತ್ತದೆ. ಪ್ರಯಾಣಿಕ ಆ ಮೈಲಿಯನ್ನು ಬಳಸುವುದು ಎಷ್ಟೋ ವರ್ಷದ ಮೇಲೆ, ಕೆಲವೊಮ್ಮೆ ಬಳಸುವುದೇ ಇಲ್ಲ. ಬಳಸದ ಮೈಲಿ ಕಂಪನಿಯ ಲೆಕ್ಕಪತ್ರದಲ್ಲಿ ತೀರಿಸಬೇಕಾದ ಬಾಧ್ಯತೆಯಾಗಿ ಕೂರುತ್ತದೆ. ಆ ಬಾಧ್ಯತೆಯ ಬೆಲೆಯನ್ನು ಕಟ್ಟುವವರೂ ಕಂಪನಿಯವರೇ.

ಕೋವಿಡ್ ಕಾಲದಲ್ಲಿ ಈ ಸತ್ಯ ಎಲ್ಲರಿಗೂ ಕಂಡಿತು. 2020ರಲ್ಲಿ ವಿಮಾನಗಳು ನಿಂತಾಗ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,190 ಕೋಟಿ ಡಾಲರ್. ಷೇರುಪೇಟೆಯಲ್ಲಿ ಆಗ ಇಡೀ ಯುನೈಟೆಡ್ ಕಂಪನಿಯ ಬೆಲೆ ಅದರ ಅರ್ಧದ ಆಸುಪಾಸಿನಲ್ಲಿತ್ತು. ಡೆಲ್ಟಾ ಮತ್ತು ಅಮೆರಿಕನ್ ಕೂಡ ಅದೇ ದಾರಿ ಹಿಡಿದವು. ಏರ್ ಕೆನಡಾ ತನ್ನ ಏರೋಪ್ಲಾನ್ ಯೋಜನೆಯನ್ನು ಹಿಂದೆ ಬೇರೆ ಕಂಪನಿಯಾಗಿ ಮಾಡಿ ಮಾರಿಬಿಟ್ಟಿತ್ತು. 2019ರಲ್ಲಿ 45 ಕೋಟಿ ಕೆನಡಿಯನ್ ಡಾಲರ್ ಕೊಟ್ಟು ಅದನ್ನು ವಾಪಸು ಕೊಂಡಿತು. ಸ್ಟೇಟಸ್ ಇಟ್ಟು ಯಾರೂ ಸಾಲ ಎತ್ತಿಲ್ಲ. ಮಹಾಮಾರಿಯ ಕಾಲದಲ್ಲಿ ಬಹುತೇಕ ಕಂಪನಿಗಳು ಸ್ಟೇಟಸ್ಸಿನ ಅವಧಿಯನ್ನು ಧಾರಾಳವಾಗಿ ಮುಂದೂಡಿದವು, ಏಕೆಂದರೆ ಹಾರದ ವಿಮಾನದಲ್ಲಿ ಮೊದಲು ಹತ್ತುವ ಹಕ್ಕು ಕೊಟ್ಟರೆ ಕಂಪನಿಗೆ ಹೋಗುವುದೇನೂ ಇಲ್ಲ.

ಮೈಲಿಯ ಬೆಲೆ ಕಂಪನಿಯ ಕೈಯಲ್ಲೇ ಇರುವುದು ಪ್ರಯಾಣಿಕನಿಗೆ ದೊಡ್ಡ ಅಪಾಯ. ಮೊದಲು ಇಂಥ ಮಾರ್ಗಕ್ಕೆ ಇಷ್ಟು ಮೈಲಿ ಎಂಬ ಪಟ್ಟಿ ಇರುತ್ತಿತ್ತು. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಆ ಪಟ್ಟಿಯನ್ನೇ ತೆಗೆದವು. ಈಗ ಬೇಡಿಕೆ ಹೆಚ್ಚಿದ ದಿನ ಹೆಚ್ಚು ಮೈಲಿ ಕೇಳುತ್ತಾರೆ. ಪುಕ್ಕಟೆ ಟಿಕೆಟ್ ಎನ್ನುವುದರ ಮೇಲೂ ತೆರಿಗೆ ಮತ್ತು ಸರ್‌ಚಾರ್ಜ್ ಬೀಳುತ್ತದೆ. ದೂರದ ಪ್ರಯಾಣದಲ್ಲಿ ಅದೇ ಸಾವಿರಾರು ರೂಪಾಯಿ ಆಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಅಮೆರಿಕನ್, ಡೆಲ್ಟಾ, ಸೌತ್‌ವೆಸ್ಟ್, ಯುನೈಟೆಡ್ ಈ ನಾಲ್ಕು ಕಂಪನಿಗಳ ಯೋಜನೆಗಳ ಮೇಲೆ ವಿಚಾರಣೆ ಆರಂಭಿಸಿದ್ದು ಇಂಥ ದೂರುಗಳ ಹಿನ್ನೆಲೆಯಲ್ಲೇ.

ನ್ಯಾಯಾಲಯ ಕಂಡದ್ದು

ಮೈಲಿ ನನ್ನದೇ? ಸ್ಟೇಟಸ್ ನನ್ನ ಹಕ್ಕೇ? ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಪ್ರಕರಣಗಳಲ್ಲಿ ಈ ಪ್ರಶ್ನೆಗಳ ಹತ್ತಿರ ಬಂದಿದೆ.

ಮೊದಲನೆಯದು ಮೈಲಿಯದು. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿ ಕೊಟ್ಟು ಪಡೆಯುವ ಸೀಟುಗಳ ಸಂಖ್ಯೆಗೆ ಮಿತಿ ಹಾಕಿತು, ಕೆಲವು ದಿನಗಳಂದು ಸೀಟೇ ಇಲ್ಲ ಎಂದಿತು. ಈ ನಿಯಮ ಅದಾಗಲೇ ಗಳಿಸಿದ ಮೈಲಿಗೂ ಅನ್ವಯ ಎಂದಿತು. ಇಲಿನಾಯ್‌ನ ಸದಸ್ಯರು ಕೋರ್ಟಿಗೆ ಹೋದರು. ವೋಲೆನ್ಸ್ ಪ್ರಕರಣವೆಂದು ಹೆಸರಾದ ಇದರಲ್ಲಿ 1995ರಲ್ಲಿ ಬಂದ ತೀರ್ಪು ಹೀಗಿತ್ತು: ರಾಜ್ಯದ ಗ್ರಾಹಕ ವಂಚನೆ ಕಾಯ್ದೆಯಡಿ ವಿಮಾನ ಕಂಪನಿಯನ್ನು ಪ್ರಶ್ನಿಸಲು 1978ರ ಕಾಯ್ದೆ ಬಿಡುವುದಿಲ್ಲ, ಆದರೆ ಕಂಪನಿ ತಾನೇ ಒಪ್ಪಿಕೊಂಡ ಕರಾರನ್ನು ಮುರಿದಿದ್ದರೆ ಅದನ್ನು ಪ್ರಶ್ನಿಸಬಹುದು.

ಎರಡನೆಯದು ಸ್ಟೇಟಸ್ಸಿನದು. ಮಿನೆಸೋಟದ ಯೆಹೂದಿ ಧರ್ಮಗುರು ಬಿನ್ಯೋಮಿನ್ ಗಿನ್ಸ್‌ಬರ್ಗ್ 1999ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ ವರ್ಲ್ಡ್‌ಪರ್ಕ್ಸ್ ಯೋಜನೆ ಸೇರಿ 2005ರಲ್ಲಿ ಪ್ಲಾಟಿನಂ ಎಲೀಟ್ ಆಗಿದ್ದರು. 2008ರ ಜೂನಿನಲ್ಲಿ ಕಂಪನಿ ಅವರ ಸದಸ್ಯತ್ವವನ್ನೇ ರದ್ದು ಮಾಡಿತು. ಕಾರಣ, ಅವರು ಅತಿಯಾಗಿ ದೂರು ಹೇಳುತ್ತಾರೆ. ಕೆಲವೇ ತಿಂಗಳಲ್ಲಿ 24 ಬಾರಿ ದೂರು ಬಂದಿದೆ, ಪೆಟ್ಟಿಗೆ ತಡವಾಗಿ ಬಂತೆಂಬ ದೂರೇ 9 ಎಂದು ಕಂಪನಿ ಲೆಕ್ಕ ಕೊಟ್ಟಿತು. ಪರಿಹಾರವಾಗಿ 1,925 ಡಾಲರಿನ ವೋಚರುಗಳನ್ನೂ 78,500 ಬೋನಸ್ ಮೈಲಿಗಳನ್ನೂ ಕೊಟ್ಟಿದ್ದೇವೆ ಎಂದಿತು. ಕಂಪನಿ ಸದ್ಭಾವದಿಂದ ನಡೆದುಕೊಳ್ಳಲಿಲ್ಲ ಎಂಬುದು ಗಿನ್ಸ್‌ಬರ್ಗ್ ವಾದ. 2014ರ ಏಪ್ರಿಲ್ 2ರಂದು ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಸದಸ್ಯ ಯೋಜನೆಯನ್ನು ದುರುಪಯೋಗ ಮಾಡಿದನೇ ಎಂಬುದನ್ನು ತನ್ನ ವಿವೇಚನೆಯಿಂದಲೇ ತೀರ್ಮಾನಿಸಿ ಅವನನ್ನು ಕೈಬಿಡುವ ಅಧಿಕಾರ ಕಂಪನಿಗಿದೆ ಎಂದು ನಿಯಮಾವಳಿಯಲ್ಲೇ ಬರೆದಿತ್ತು. ಸದ್ಭಾವ ಎಂಬ ಬರೆಯದ ನಿರೀಕ್ಷೆಯನ್ನು ಅದರ ಮೇಲೆ ಹೇರಲಾಗದು ಎಂಬುದು ತೀರ್ಪಿನ ತಾತ್ಪರ್ಯ.

ಎರಡನ್ನೂ ಕೂಡಿಸಿ ಓದಿದರೆ ಪ್ರಯಾಣಿಕನ ಸ್ಥಿತಿ ತಿಳಿಯುತ್ತದೆ. ನಿಮ್ಮ ರಕ್ಷಣೆ ಕರಾರಿನಲ್ಲಿ ಬರೆದಿರುವಷ್ಟೇ. ಆ ಕರಾರನ್ನು ಬರೆದವರು ಕಂಪನಿಯವರು.

ನಮ್ಮ ಆಕಾಶದಲ್ಲಿ

ಭಾರತದಲ್ಲಿ ಈ ಪಾಠ ಕೋರ್ಟಿಗಿಂತ ಮೊದಲು ವಿಮಾನ ನಿಲ್ದಾಣದಲ್ಲೇ ಸಿಕ್ಕಿತು. ಬೆಂಗಳೂರಿನ ಕಂಪನಿಯೇ ಆಗಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನಿಂತಾಗ ಅದರ ಕಿಂಗ್ ಕ್ಲಬ್ ಸದಸ್ಯರ ಮೈಲಿಯೂ ಹೋಯಿತು, ಸ್ಟೇಟಸ್ಸೂ ಹೋಯಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ನಡೆದದ್ದು ಬೇರೆ. ಜೆಟ್‌ನ ಮೈಲಿ ಯೋಜನೆಯನ್ನು ಅಷ್ಟರಲ್ಲಿ ಪ್ರತ್ಯೇಕ ಕಂಪನಿಯಾಗಿ ಮಾಡಿದ್ದರು, ಅದರ 50.1% ಪಾಲು ಅಬುಧಾಬಿಯ ಎತಿಹಾದ್ ಕೈಯಲ್ಲಿತ್ತು. ವಿಮಾನಗಳೆಲ್ಲ ನೆಲದಲ್ಲೇ ಉಳಿದರೂ ಮೈಲಿ ಉಳಿಯಿತು. ಅದೇ ವರ್ಷದ ಕೊನೆಗೆ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಪಡೆಯಿತು, ಬೇರೆ ಕಂಪನಿಯ ಟಿಕೆಟ್ಟಿಗೂ ಹೋಟೆಲಿಗೂ ಅದನ್ನು ಬಳಸಲು ಬಂತು. ಆದರೆ ಜೆಟ್ ಪ್ಲಾಟಿನಂ ಕಾರ್ಡು? ಹತ್ತಲು ವಿಮಾನವೇ ಇಲ್ಲದ ಮೇಲೆ ಮೊದಲು ಹತ್ತುವ ಮರ್ಯಾದೆಗೆ ಅರ್ಥವೇನು? ಮೈಲಿಗೂ ಸ್ಟೇಟಸ್‌ಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ಇನ್ನೊಂದಿಲ್ಲ.

ವಿಸ್ತಾರ ಕಂಪನಿ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ ಎರಡೂ ಉಳಿದವು. ಕ್ಲಬ್ ವಿಸ್ತಾರದ ಪಾಯಿಂಟುಗಳು ಒಂದಕ್ಕೊಂದರಂತೆ ಏರ್ ಇಂಡಿಯಾ ಖಾತೆಗೆ ಬಂದವು, ದರ್ಜೆಗೆ ಸಮಾನ ದರ್ಜೆ ಸಿಕ್ಕಿತು. ವಿಸ್ತಾರ ಯಾವ ಅಲಯನ್ಸಿನಲ್ಲೂ ಇರಲಿಲ್ಲ, ಆದ್ದರಿಂದ ಅದರ ಗೋಲ್ಡ್ ಸದಸ್ಯರು ಏಕಾಏಕಿ ಸ್ಟಾರ್ ಗೋಲ್ಡ್ ಆದರು. ಏರ್ ಇಂಡಿಯಾ ಯೋಜನೆಗೆ ಮಹಾರಾಜ ಕ್ಲಬ್ ಎಂಬುದು ಈಗಿನ ಹೆಸರು. ದೇಶದ ಅತಿ ದೊಡ್ಡ ಕಂಪನಿ ಇಂಡಿಗೊ 2006ರಿಂದಲೂ ಇಂಥ ಯೋಜನೆಯೇ ಇಲ್ಲದೆ, ಕಡಿಮೆ ದರ ಮತ್ತು ಹೊತ್ತಿಗೆ ಸರಿಯಾಗಿ ಹೊರಡುವುದನ್ನೇ ನೆಚ್ಚಿಕೊಂಡು ಬೆಳೆಯಿತು. ಕೊನೆಗೆ 2024ರಲ್ಲಿ ಅದೂ ಬ್ಲೂಚಿಪ್ ಯೋಜನೆ ತಂದಿತು.

ಟಿಕೆಟ್ ಯಾರದು, ಫಲ ಯಾರಿಗೆ?

ಈ ಯೋಜನೆಗಳಲ್ಲಿ ಒಂದು ನೈತಿಕ ತೊಡಕು ಮೊದಲಿಂದಲೂ ಇದೆ. ಟಿಕೆಟ್ ಕೊಳ್ಳುವವರು ಒಬ್ಬರು, ಮೈಲಿ ಪಡೆಯುವವರು ಇನ್ನೊಬ್ಬರು. ಕಚೇರಿಯ ದುಡ್ಡಿನಲ್ಲಿ ಹಾರುವ ಉದ್ಯೋಗಿ ತನ್ನ ಸ್ಟೇಟಸ್ ಉಳಿಯಲೆಂದು ದುಬಾರಿ ಟಿಕೆಟ್ ಆರಿಸಿಕೊಂಡರೆ ಆ ಹೊರೆ ಕಚೇರಿಯದು. ನಾರ್ವೆ ದೇಶ 2002ರಿಂದ 2013ರವರೆಗೆ ತನ್ನ ಒಳನಾಡಿನ ವಿಮಾನಗಳಲ್ಲಿ ಮೈಲಿ ಕೊಡುವುದನ್ನೇ ನಿಷೇಧಿಸಿತ್ತು. ದೊಡ್ಡ ಕಂಪನಿಯ ಮೈಲಿಯ ಆಸೆಗೆ ಹೊಸ ಕಂಪನಿಗಳು ಬದುಕುವುದಿಲ್ಲ ಎಂಬುದು ಅದರ ವಾದ. ಜರ್ಮನಿಯಲ್ಲಿ 2002ರಲ್ಲಿ ಸರ್ಕಾರಿ ಪ್ರಯಾಣದ ಮೈಲಿಯನ್ನು ಸ್ವಂತಕ್ಕೆ ಬಳಸಿದರೆಂಬ ಸುದ್ದಿ ಹೊರಬಿದ್ದು ಗ್ರೆಗರ್ ಗೀಸಿ ಬರ್ಲಿನ್ ಸರ್ಕಾರದ ಸಚಿವ ಸ್ಥಾನ ಬಿಟ್ಟರು. ಅಮೆರಿಕ ಅದಕ್ಕೆ ಸ್ವಲ್ಪ ಮೊದಲು, 2001ರ ಕೊನೆಯಲ್ಲಿ, ತನ್ನ ಕೇಂದ್ರ ನೌಕರರು ಮೈಲಿ ಇಟ್ಟುಕೊಳ್ಳಬಹುದು ಎಂದು ಕಾನೂನು ಮಾಡಿತ್ತು.

ಭಾರತದ ನಿಲುವು ಬಿಗಿಯಾದದ್ದು. ಆರನೆಯ ವೇತನ ಆಯೋಗದ ನಂತರ 2008ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಪ್ರಯಾಣ ಭತ್ಯೆಯ ಆದೇಶದಂತೆ ಸರ್ಕಾರಿ ಪ್ರಯಾಣದ ಮೈಲಿಯನ್ನು ಇಲಾಖೆಯ ಪ್ರಯಾಣಕ್ಕೇ ಬಳಸಬೇಕು; ಸ್ವಂತಕ್ಕೆ ಬಳಸಿದರೆ ಇಲಾಖಾ ಕ್ರಮ. ಆದರೆ ಆದೇಶ ಹೇಳುವುದು ಮೈಲಿಯ ಮಾತನ್ನು ಮಾತ್ರ. ಅದೇ ಪ್ರಯಾಣಗಳಿಂದ ಅಧಿಕಾರಿಯ ಹೆಸರಿಗೆ ಬರುವ ಗೋಲ್ಡ್ ಕಾರ್ಡನ್ನು ಇಲಾಖೆಗೆ ಒಪ್ಪಿಸುವ ದಾರಿಯೇ ಇಲ್ಲ. ಅದು ಮನುಷ್ಯನಿಗೇ ಅಂಟಿಕೊಂಡದ್ದು.

ಇನ್ನೊಂದು ತೊಡಕು ಹವಾಮಾನದ್ದು. ವರ್ಷಾಂತ್ಯದಲ್ಲಿ ಸ್ಟೇಟಸ್‌ಗೆ ಸ್ವಲ್ಪ ಕಡಿಮೆ ಬಿದ್ದವರು ಕೆಲಸವಿಲ್ಲದಿದ್ದರೂ ಎಲ್ಲಿಗೋ ಹಾರಿ ಅದೇ ದಿನ ಮರಳುವುದುಂಟು. ಬ್ರಿಟನ್ನಿನ ಹವಾಮಾನ ಸಮಿತಿಗಾಗಿ ಇಂಪೀರಿಯಲ್ ಕಾಲೇಜಿನ ರಿಚರ್ಡ್ ಕಾರ್‌ಮೈಕಲ್ 2019ರಲ್ಲಿ ಬರೆದ ವರದಿ ಇಂಥ ಯೋಜನೆಗಳನ್ನು ನಿಷೇಧಿಸಬೇಕೆಂದೇ ಶಿಫಾರಸು ಮಾಡಿತು. ಮೈಲಿಗಾಗಿ ಹಾರುವವರಿಗಿಂತ ಸ್ಟೇಟಸ್‌ಗಾಗಿ ಹಾರುವವರ ವಿಷಯದಲ್ಲಿ ಆ ಮಾತಿಗೆ ಹೆಚ್ಚಿನ ತೂಕವಿದೆ.

ಯಾರಿಗೆ ಯಾವುದು?

ಇಷ್ಟೆಲ್ಲ ನೋಡಿದ ಮೇಲೆ ಓದುಗರಿಗೆ ಹೇಳಬೇಕಾದ್ದು ಖಚಿತವಾಗಿಯೇ ಇದೆ.

ವರ್ಷಕ್ಕೆ ಒಂದೆರಡು ಸಲ ಸ್ವಂತ ದುಡ್ಡಿನಲ್ಲಿ ಹಾರುವವರು ಸ್ಟೇಟಸ್ಸಿನ ಗೋಜಿಗೆ ಹೋಗಬಾರದು. ಸಾಮಾನ್ಯ ಸದಸ್ಯನಾಗಿ ಡಾಲರಿಗೆ 5ರಂತೆ ಎಅಡ್ವಾಂಟೇಜ್ ಗೋಲ್ಡ್ ತಲುಪಬೇಕಾದರೆ ಒಂದೇ ವರ್ಷದಲ್ಲಿ 8,000 ಡಾಲರಿನ ಟಿಕೆಟ್ ಕೊಳ್ಳಬೇಕು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬರುವ ತಂದೆತಾಯಿಗೆ ಅದು ಎಟಕುವ ಮಾತಲ್ಲ, ಬೇಕಾಗಿಯೂ ಇಲ್ಲ. ಅವರು ಮೈಲಿಯನ್ನು ಮಾತ್ರ ಬಿಡಬಾರದು. ನಮ್ಮಲ್ಲಿ ಅದು ಕೈತಪ್ಪುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ. ಖಾತೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣ ವಿಸ್ತಾರ. ಟಿಕೆಟ್ಟಿನ ಹೆಸರು ಖಾತೆಯ ಹೆಸರಿಗೆ ಹೊಂದದಿದ್ದರೆ ಮೈಲಿ ಜಮೆಯಾಗುವುದಿಲ್ಲ. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಸಿ ಖಾತೆ ತೆರೆಯಿರಿ, ಮೈಲಿ ಬೀಳುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ವಿದೇಶದಲ್ಲಿರುವ ಮಕ್ಕಳು ತಮ್ಮ ಮೈಲಿ ಕೊಟ್ಟು ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸುವುದು ಮೈಲಿಯ ಅತ್ಯುತ್ತಮ ಬಳಕೆ. ಆದರೆ ಮಗನ ಗೋಲ್ಡ್ ದರ್ಜೆ ಆ ಟಿಕೆಟ್ಟಿನ ಜೊತೆ ಬರುವುದಿಲ್ಲ ಎಂಬುದು ನೆನಪಿರಲಿ. ಮಗ ಜೊತೆಯಲ್ಲಿ ಹಾರದ ಹೊರತು ಅವರಿಗೆ ಲೌಂಜೂ ಇಲ್ಲ, ಹೆಚ್ಚುವರಿ ಪೆಟ್ಟಿಗೆಯೂ ಇಲ್ಲ. ತೂಕ ನೋಡಿಯೇ ಕಟ್ಟಿಕೊಳ್ಳಬೇಕು.

ಕಚೇರಿಯ ಕೆಲಸಕ್ಕೆ ತಿಂಗಳಿಗೆ ಹಲವು ಸಲ ಹಾರುವವರಿಗೆ ಸ್ಟೇಟಸ್ ನಿಜವಾಗಿ ಉಪಕಾರಿ. ಒಂದೇ ಅಲಯನ್ಸಿನ ವಿಮಾನಗಳನ್ನು ಹಿಡಿದು, ಎಲ್ಲ ಪ್ರಯಾಣವನ್ನೂ ಒಂದೇ ಖಾತೆಗೆ ಹಾಕಿದರೆ ಅದು ತಾನಾಗಿ ಬರುತ್ತದೆ. ಬಂದರೆ ಸಂತೋಷ, ಬಾರದಿದ್ದರೆ ಕೈಯಿಂದ ದುಡ್ಡು ಹಾಕಿ ತುಂಬಿಸಲು ಹೋಗಬೇಡಿ. ಒಂದು ವರ್ಷದ ಮರ್ಯಾದೆಗೆ ಕೊಟ್ಟ ಹಣ ಮರುವರ್ಷ ಮತ್ತೆ ಕೊಡಬೇಕಾಗುತ್ತದೆ.

ನಮ್ಮ ನಾಗರಿಕ ವಿಮಾನಯಾನ ಸಚಿವಾಲಯಕ್ಕೂ ಒಂದು ಮಾತು. ಕೋಟ್ಯಂತರ ಜನರ ಖಾತೆಯಲ್ಲಿರುವ ಮೈಲಿಯ ಬೆಲೆಯನ್ನು ರಾತ್ರೋರಾತ್ರಿ ಇಳಿಸಲು ಕಂಪನಿಗಳಿಗೆ ಬಿಡಬಾರದು. ಬದಲಾವಣೆಗೆ ಮುಂಚೆ ಸಾಕಷ್ಟು ಕಾಲಾವಕಾಶ, ಅದಾಗಲೇ ಗಳಿಸಿದ ಮೈಲಿಗೆ ಹಳೆಯ ದರದ ರಕ್ಷಣೆ, ಕಂಪನಿ ಮುಳುಗಿದರೆ ಸದಸ್ಯರಿಗೆ ಏನು ಸಿಗುತ್ತದೆ ಎಂಬುದರ ಸ್ಪಷ್ಟ ನಿಯಮ, ಇಷ್ಟಾದರೂ ಬೇಕು. ಕಿಂಗ್‌ಫಿಷರ್ ಸದಸ್ಯರಿಗೆ ಆದದ್ದು ಇನ್ನೊಮ್ಮೆ ಆಗಬಾರದು.

ಆ ನಿಯಮ ಬರುವವರೆಗೆ ಕಾಯದೆ ಇಂದೇ ನಿಮ್ಮ ಖಾತೆ ತೆರೆದು ನೋಡಿ. ಟಿಕೆಟ್ಟಿಗಾಗುವಷ್ಟು ಮೈಲಿ ಇದ್ದರೆ ಮುಂದಿನ ಪ್ರಯಾಣಕ್ಕೇ ಬಳಸಿ. ಬ್ಯಾಂಕಿನ ಠೇವಣಿಯಂತೆ ಮೈಲಿಗೆ ಬಡ್ಡಿ ಬರುವುದಿಲ್ಲ. ಇಟ್ಟಷ್ಟೂ ಅದರ ಬೆಲೆ ಇಳಿಯುವ ಸಂಭವವೇ ಹೆಚ್ಚು.